ನಿಂತ ಅಲೆಯ ದ್ವೀಪ

ಬಲು ಹಿಂದೆ, ಕಡಲೂ ನೆಲವೂ ಇನ್ನೂ ತಮ್ಮ ಗಡಿ ಜಗಳ ಮುಗಿಸಿರದ ಕಾಲದಲ್ಲಿ, ಶಂಖಾವತಿ ಎಂಬ ರಾಜ್ಯವಿತ್ತು. ಅಲ್ಲಿಯ ಮಕ್ಕಳು ಓಡಲು ಕಲಿಯುವ ಮೊದಲೇ ಅಲೆ ಏರಲು ಕಲಿಯುತ್ತಿದ್ದರು. ಹಾಲುವಾಣದ ಹಗುರ ಮರವನ್ನು ಆಳುದ್ದ ಸೀಳಿ, ನುಣ್ಣಗೆ ಕೆತ್ತಿ, ಮೀನೆಣ್ಣೆ ತಿಕ್ಕಿ ಹಲಗೆ ಮಾಡುವುದು. ಆ ಹಲಗೆಯ ಮೇಲೆ ನಿಂತು ಅಲೆಯ ಬೆನ್ನೇರಿ ದಂಡೆಗೆ ಬರುವುದು. ಅರಮನೆಯ ಮಗನೂ ಬೆಸ್ತರ ಮಗಳೂ ಒಂದೇ ಅಲೆಯಲ್ಲಿ ಆಡುತ್ತಿದ್ದರು. ಅಲೆಗೆ ಅರಸನೆಂದರೇನು, ಆಳೆಂದರೇನು?

ಆ ಬೆಸ್ತರ ಮಗಳ ಹೆಸರು ದುಗ್ಗಿ. ಅವಳಿಗೊಬ್ಬ ಅಣ್ಣ, ಕುಪ್ಪಣ್ಣ. ಅಪ್ಪ ಕಡಲಿಗೆ ಹೋದವನು ಮರಳಿರಲಿಲ್ಲ. ಅಬ್ಬೆ ಮೀನು ಒಣಗಿಸಿ, ಮಾರಿ, ಇಬ್ಬರನ್ನೂ ಸಾಕಿದ್ದಳು.

ಒಂದು ವರ್ಷ ಮಳೆಗಾಲ ಕಳೆದ ಮೇಲೆ ರಾಜಕುಮಾರ ಜಯಕೀರ್ತಿಗೆ ತೆಂಕಣ ಕಡಲಿನ ದ್ವೀಪಗಳನ್ನು ನೋಡುವ ಮನಸ್ಸಾಯಿತು. ಅಲ್ಲಿ ಹಾಲು ಚೆಲ್ಲಿದಂಥ ದಂಡೆಗಳಿವೆಯಂತೆ, ತಾಳೆಮರದೆತ್ತರದ ಅಲೆಗಳಿವೆಯಂತೆ ಎಂದು ಹಡಗಿನವರು ಹೇಳಿದ್ದರು. ಅವನು ಅಲೆ ಏರುವ ಗಟ್ಟಿಗರನ್ನೆಲ್ಲ ಆರಿಸಿ ಹಡಗು ಹತ್ತಿಸಿಕೊಂಡ. ಅವರಲ್ಲಿ ಕುಪ್ಪಣ್ಣನೂ ಒಬ್ಬ.

ತಿಂಗಳೊಪ್ಪತ್ತಿನಲ್ಲಿ ಹಡಗು ಹಿಂದಿರುಗಿತು. ಊರಿಗೆ ಊರೇ ದಂಡೆಗೆ ಓಡಿತು. ಕುಪ್ಪಣ್ಣ ಮನೆಯ ಬಾಗಿಲಿಗೆ ಬಂದು ನಿಂತಾಗ ದುಗ್ಗಿ ಚೊಂಬು ತುಂಬಿ ತಂದಳು. ದೂರದಿಂದ ಬಂದವರಿಗೆ ಕಾಲಿಗೆ ನೀರು ಕೊಡಬೇಕಲ್ಲ! ನಗುತ್ತಾ ಅಣ್ಣನ ಪಾದದ ಮೇಲೆ ನೀರು ಸುರಿದಳು.

ಅಣ್ಣನ ಕಾಲ ಬೆರಳುಗಳು ಕರಗಿ ಹರಿದುಹೋದವು.

ರಕ್ತವಿಲ್ಲ, ನೋವಿಲ್ಲ. ಬೆರಳುಗಳಿದ್ದ ಜಾಗದಲ್ಲಿ ಒದ್ದೆ ಮರಳು. ದುಗ್ಗಿಯ ಕೈಯಿಂದ ಚೊಂಬು ಜಾರಿತು. ಕುಪ್ಪಣ್ಣ ತನ್ನ ಕಾಲನ್ನೊಮ್ಮೆ ನೋಡಿ, ಯಾರದೋ ಕಾಲನ್ನು ನೋಡಿದವನಂತೆ ತಲೆಯೆತ್ತಿ, “ಅಲ್ಲಿಯ ಅಲೆ ನೋಡಿದವನಿಗೆ ಮನೆ ಬೇಡ. ನೀನೂ ಹೋಗಿ ಬಾ ದುಗ್ಗಿ,” ಎಂದ.

“ಅಬ್ಬೇ! ಇವನು ಅಣ್ಣನಲ್ಲ!” ಎಂದು ದುಗ್ಗಿ ಕೂಗಿದಳು.

ಅಬ್ಬೆ ಒಳಗಿನಿಂದ ಬಂದು ಮಗನ ಕೆನ್ನೆ ಸವರಿದಳು. “ಬಾಯಿಗೆ ಬಂದದ್ದು ಆಡಬೇಡ. ಕಡಲಿಗೆ ಹೋದವನು ತಿರುಗಿ ಬಂದಿದ್ದಾನೆ. ಇನ್ನೇನು ಬೇಕು ನನಗೆ?” ಎಂದಳು. ಮಗನ ಕಾಲ ಕಡೆ ಅವಳು ನೋಡಲೇ ಇಲ್ಲ.

ಮರುದಿನ ದುಗ್ಗಿ ಊರೆಲ್ಲ ತಿರುಗಿದಳು. ಹಿಂದಿರುಗಿದವರೆಲ್ಲರ ಬಾಯಲ್ಲೂ ಅದೇ ಮಾತು: “ಅಲ್ಲಿಯ ಅಲೆ ನೋಡಿದವನಿಗೆ ಮನೆ ಬೇಡ.” ಅರಮನೆಯ ಮೆಟ್ಟಿಲ ಮೇಲೆ ನಿಂತು ರಾಜಕುಮಾರನೂ ಅದನ್ನೇ ಹೇಳಿ, ಮನೆಮನೆಯವರನ್ನೂ ಹಡಗು ಹತ್ತಿಸುತ್ತಿದ್ದ. ಜನ ಹಬ್ಬಕ್ಕೆ ಹೊರಟವರಂತೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ದಿನ ಕಳೆದಂತೆ ಹೋದವರು ಹೋದ ಹಾಗೇ ಬರುತ್ತಿದ್ದರು, ಆದರೆ ಯಾರಿಗೂ ಹಸಿವಿಲ್ಲ, ಯಾರಿಗೂ ಬೆವರಿಲ್ಲ.

ಒಂದು ಸಂಜೆ ಕುಪ್ಪಣ್ಣ, “ಮುಂದಿನ ಹಡಗಿಗೆ ಅಬ್ಬೆಯನ್ನು ಹತ್ತಿಸುತ್ತೇನೆ,” ಎಂದ. ಅಬ್ಬೆ ಹಿಗ್ಗಿದಳು. ಬೆಳಕು ಹರಿಯುವಾಗ ಅಪ್ಪನ ಪುಟ್ಟ ದೋಣಿಗೆ ತನ್ನ ಹಲಗೆ ಹಾಕಿಕೊಂಡು ಅವಳು ತೆಂಕಣಕ್ಕೆ ಹುಟ್ಟು ಹಾಕಿದಳು.

ಹೋದಳು, ಹೋದಳು. ಕಡಲ ಬಣ್ಣ ನೀಲಿಯಿಂದ ಹಸಿರಾಗುವಲ್ಲಿಗೆ ಮೊದಲನೆಯ ದ್ವೀಪ ಸಿಕ್ಕಿತು. ಮರವಿಲ್ಲ, ಗುಡ್ಡವಿಲ್ಲ, ಬರೀ ದಂಡೆ, ಬೆಳಗಿನ ಬಿಸಿಲಿಗೆ ಚಿನ್ನದಂತೆ ಹೊಳೆಯುವ ದಂಡೆ. ಅಷ್ಟು ಚೆಂದದ ಮರಳನ್ನು ದುಗ್ಗಿ ಹುಟ್ಟಿದಂದಿನಿಂದ ಕಂಡಿರಲಿಲ್ಲ. ದೋಣಿ ಬಿಟ್ಟು, ಹಲಗೆ ಕಂಕುಳಲ್ಲಿಟ್ಟು, ಮಂಡಿಯೂರಿ ಒಂದು ಹಿಡಿ ಮರಳು ಎತ್ತಿದಳು.

ದಂಡೆ ನಡುಗಿತು. ಬಂಡೆಗಳೆಂದು ಅವಳು ತಿಳಿದಿದ್ದ ಎರಡು ದಿಬ್ಬಗಳು ರೆಪ್ಪೆ ತೆರೆದವು.

ಅದು ದ್ವೀಪವಲ್ಲ, ತೊರಕೆ ಮೀನು! ಮರಳು ಹೊದ್ದು ಮಲಗುವ ಚಪ್ಪಟೆ ಮೀನು, ಒಂದು ಊರಿನಷ್ಟು ಅಗಲ.

“ಯಾಕೆ ಬಂದೆ ಹುಡುಗಿ?” ಎಂದಿತು ತೊರಕೆ. “ಬಂದವರನ್ನು ನಾನು ಬಿಡುವ ಹಾಗಿಲ್ಲ. ನನ್ನ ಬಾಲಕ್ಕೆ ಹೊಯ್ಗೆಜೋಗಿಯೆಂಬ ಮಾಂತ್ರಿಕ ಕಬ್ಬಿಣದ ಗೂಟ ಹೊಡೆದಿದ್ದಾನೆ. ನಾನು ಮುಳುಗಿದರೆ ಏಳುವ ಅಲೆ ನಿನ್ನನ್ನು ಅವನ ಬಳಿಗೆ ಎಳೆದೊಯ್ಯುತ್ತದೆ.”

ಹೊಯ್ಗೆ ಎಂದರೆ ಮರಳು. ಅಣ್ಣನ ಪಾದ ದುಗ್ಗಿಯ ಕಣ್ಣ ಮುಂದೆ ಬಂತು. “ಗೂಟ ಎಲ್ಲಿದೆ ತೋರಿಸು, ಕೀಳುತ್ತೇನೆ,” ಎಂದಳು.

“ಬಾಲದ ತುದಿಯಲ್ಲಿ. ಆದರೆ ನಾನು ಆಗಲೇ ಮುಳುಗುತ್ತಿದ್ದೇನೆ!”

ಚಿನ್ನದ ದಂಡೆ ಕಾಲಡಿಯಲ್ಲೇ ಕುಸಿಯಿತು. ನಾಲ್ಕು ದಿಕ್ಕಿನ ನೀರೂ ಎದ್ದು ನಿಂತಿತು. ಬೇರೆಯವರಾಗಿದ್ದರೆ ದೋಣಿಗೆ ಓಡುತ್ತಿದ್ದರು. ದುಗ್ಗಿ ಹಲಗೆಯೇರಿ ನೇರ ಅಲೆಗೆ ಮುಖ ಕೊಟ್ಟಳು. ಅಲೆಯ ಮೇಲಿಂದ ಇಳಿಜಾರು ಹಿಡಿದು, ಬಾಲದ ಉದ್ದಕ್ಕೂ ಜಾರಿ, ಗೂಟ ಕಂಡದ್ದೇ ತಡ ಎರಡೂ ಕೈಯಿಂದ ಬಾಚಿ ತಬ್ಬಿದಳು. ಅಲೆಯ ಸೆಳೆತವೇ ಅವಳನ್ನೂ ಗೂಟವನ್ನೂ ಒಟ್ಟಿಗೆ ಕಿತ್ತು ಎಸೆಯಿತು. ತೊರಕೆ ಕಡಲ ತಳ ಗುಡುಗುವಂತೆ ನಿಟ್ಟುಸಿರುಬಿಟ್ಟಿತು. ದೋಣಿ ಚೂರಾಗಿತ್ತು, ಹಲಗೆ ಉಳಿದಿತ್ತು.

“ನನ್ನ ಬೆನ್ನು ಹತ್ತು ತಾಯಿ,” ಎಂದಿತು ತೊರಕೆ. “ನಿನ್ನವರಿರುವಲ್ಲಿಗೆ ಬಿಡುತ್ತೇನೆ.”

ಎರಡನೆಯ ದ್ವೀಪದಲ್ಲಿ ತೆಂಗಿದ್ದವು, ನೆರಳಿತ್ತು, ಬಿಳಿ ದಂಡೆಯಿತ್ತು. ದಂಡೆಯ ಎದುರಿಗೆ ಒಂದು ಅಲೆ ನಿಂತಿತ್ತು. ನಿಂತೇ ಇತ್ತು. ಮಡಚಿದ ನೆತ್ತಿಯಿಂದ ನೀರು ಸುರಿಯುತ್ತದೆ, ಬುಡದಿಂದ ಮತ್ತೆ ಏರುತ್ತದೆ, ಅಲೆ ಮಾತ್ರ ಮುಂದಕ್ಕೆ ಬಾರದು, ಮುರಿಯದು. ಅದರ ಹಸಿರು ಹೊಟ್ಟೆಯ ಮೇಲೆ ನೂರಾರು ಜನ ಹಲಗೆಯೇರಿ ಜಾರುತ್ತಿದ್ದರು, ಕೇಕೆ ಹಾಕುತ್ತಿದ್ದರು.

ಎಲ್ಲರೂ ಶಂಖಾವತಿಯವರು. ದುಗ್ಗಿ ಹತ್ತಿರ ಹೋಗಿ ನೋಡಿದಳು. ಕೆನ್ನೆಯ ಮೂಳೆ ಎದ್ದಿವೆ. ತುಟಿ ಉಪ್ಪಿಗೆ ಸೀಳಿದೆ. ಉಗುರು ಬೆಳೆದು ಸುರುಳಿ ಸುತ್ತಿವೆ. ಆದರೂ ನಗುತ್ತಿದ್ದಾರೆ! ರಾಜಕುಮಾರನ ರೇಷ್ಮೆ ಚಿಂದಿಯಾಗಿದೆ. ಅವನ ಪಕ್ಕದಲ್ಲೇ ಕುಪ್ಪಣ್ಣ, ಎದೆ ಮುಟ್ಟುವ ಗಡ್ಡದ ಕುಪ್ಪಣ್ಣ.

“ಅಣ್ಣಾ! ಮನೆಗೆ ಬಾ!”

“ಬಂದೆ ದುಗ್ಗಿ, ಇನ್ನೊಂದೇ ಒಂದು ಅಲೆ,” ಎಂದ ಅಣ್ಣ.

ಅವನನ್ನು ಎಳೆದು ತರುತ್ತೇನೆಂದು ದುಗ್ಗಿ ಹಲಗೆಯೇರಿ ಅಲೆಯೊಳಗೆ ಹೊಕ್ಕಳು. ಅಯ್ಯೋ, ಅದೆಂಥ ಅಲೆ! ಮೈಗೆ ಭಾರವಿಲ್ಲ. ಏರಿದಷ್ಟೂ ಎತ್ತರ, ಇಳಿದಷ್ಟೂ ಇಳಿಜಾರು. ಬಿಸಿಲು ನೀರಿನೊಳಗಿಂದ ಸೋಸಿ ಬಂದು ಮುಖಕ್ಕೆ ಪಚ್ಚೆಯ ಹಾಗೆ ಬೀಳುತ್ತದೆ. ಯಾತಕ್ಕೆ ಬಂದೆನೆಂಬುದು ಮರೆತೇಹೋಯಿತು. ಯಾರೋ ದಂಡೆಯಿಂದ, “ತಾಯಿ, ಸಾಕು, ಬಾ!” ಎಂದು ಕೂಗಿದರು. ಕೂಗಿದ್ದು ತೊರಕೆ. “ಇನ್ನೊಂದೇ ಒಂದು ಅಲೆ,” ಎಂದು ದುಗ್ಗಿ ಉತ್ತರ ಕೊಟ್ಟಳು.

ತನ್ನ ಬಾಯಿಂದ ಬಂದ ಮಾತು ತನ್ನ ಕಿವಿಗೇ ಬಿದ್ದು ಅವಳು ಬೆಚ್ಚಿದಳು. ಕೈ ನೋಡಿಕೊಂಡಳು. ಉಗುರು ಬೆರಳಿನಾಚೆಗೆ ಬೆಳೆದಿತ್ತು. ಎಷ್ಟು ದಿನವಾಯಿತು? ಅಬ್ಬೆಯ ಹಡಗು ಹೊರಟೇಬಿಟ್ಟಿತೇ?

ಹಲಗೆ ತಿರುಗಿಸಿದರೆ ತಿರುಗದು. ಅಲೆ ಹಿಡಿದಿರುವುದು ತನ್ನನ್ನಲ್ಲ, ಹಲಗೆಯನ್ನು ಎಂದು ಆಗ ಅವಳಿಗೆ ಹೊಳೆಯಿತು. ಅಪ್ಪ ಕೆತ್ತಿಕೊಟ್ಟ ಹಲಗೆ. ದುಗ್ಗಿ ಕಣ್ಣು ಮುಚ್ಚಿ, ಅದನ್ನು ಕಾಲಿಂದ ಒದ್ದು ಬಿಟ್ಟಳು. ಕಲ್ಲಿನಂತೆ ಕೆಳಗೆ ಬಿದ್ದಳು. ತೊರಕೆ ಅವಳನ್ನು ರೆಕ್ಕೆಯಲ್ಲಿ ಹಿಡಿದುಕೊಂಡಿತು.

“ಉಳಿದವರಿಗೂ ಹೇಳುತ್ತೇನೆ, ಹಲಗೆ ಬಿಡಲಿ,” ಎಂದಳು ಅವಳು ಏದುಸಿರು ಬಿಡುತ್ತ.

“ಹೇಳಿದರೆ ಯಾರು ಕೇಳುತ್ತಾರೆ?” ಎಂದಿತು ತೊರಕೆ. “ಅಲೆಯನ್ನು ಹಿಡಿದು ನಿಲ್ಲಿಸಿರುವುದು ಜೋಗಿಯ ಬೆತ್ತ. ಮುಂದಿನ ದ್ವೀಪದಲ್ಲಿ ನೆಟ್ಟಿದ್ದಾನೆ, ಅದನ್ನೇ ಕೀಳಬೇಕು.”

ಮೂರನೆಯ ದ್ವೀಪದ ದಂಡೆ ಇದ್ದಿಲಿನಂತೆ ಕಪ್ಪು. ಉಕ್ಕುವ ನೊರೆ ಕೂಡ ಅದನ್ನು ಮುಟ್ಟುತ್ತಿರಲಿಲ್ಲ. ನೀರಿಗೂ ಮರಳಿಗೂ ನಡುವೆ ಬೆತ್ತವೊಂದು ನೆಟ್ಟಿತ್ತು, ಕಡಲು ಅದರಾಚೆಗೇ ನಿಂತು ಮೊರೆಯುತ್ತಿತ್ತು. ದಂಡೆಯ ಮೇಲೆ ಜಡೆಗಟ್ಟಿದ ಮುದುಕನೊಬ್ಬ ಕುಕ್ಕರಗಾಲಲ್ಲಿ ಕುಳಿತು, ಮರಳು ತಟ್ಟಿ ತಟ್ಟಿ ಗೊಂಬೆ ಮಾಡುತ್ತಿದ್ದ. ಈಜಿ ದಡ ಸೇರಿದ ದುಗ್ಗಿ ಆ ಗೊಂಬೆಯ ಮುಖ ಕಂಡಳು.

ಅದು ಅವಳದೇ ಮುಖ. ಹುಬ್ಬಿನ ಮೇಲಿನ ಗಾಯದ ಕಲೆ ಕೂಡ ಹಾಗೇ ಇತ್ತು.

“ಅಲೆಯೊಳಗೆ ಒಮ್ಮೆ ಹೊಕ್ಕವರ ನೆನಪೆಲ್ಲ ನನಗೆ ಬರುತ್ತದೆ,” ಎಂದ ಹೊಯ್ಗೆಜೋಗಿ, ತಲೆ ಕೂಡ ಎತ್ತದೆ. “ಮೈ ನನಗೇಕೆ? ಮೈಗೆ ಹಸಿವು, ಮುಪ್ಪು, ಎದುರು ಮಾತು. ಮರಳಿನ ಪ್ರಜೆಗಳಿಗೆ ಅದೊಂದೂ ಇಲ್ಲ. ನಿನ್ನ ಊರು ಆಗಲೇ ಅರ್ಧ ನನ್ನದು.” ಎಂದವನೇ ಗೊಂಬೆಯ ಮೂಗಿಗೆ ಉಸಿರೂದಿದ.

ಗೊಂಬೆ ಕಣ್ಣು ತೆರೆಯಿತು. ಎದ್ದು ಕೂತಿತು. “ಅಬ್ಬೆ ಎಲ್ಲಿ?” ಎಂದು ಕೇಳಿತು, ದುಗ್ಗಿಯದೇ ದನಿಯಲ್ಲಿ.

ದುಗ್ಗಿ ಬೆತ್ತದತ್ತ ಹಾರಿದಳು. ಮುಟ್ಟಿದ ಕೂಡಲೇ ಅವಳ ಬಲಗೈ ಬೆರಳುಗಳು ಮರಳಾಗಿ ಉದುರಿದವು. ಅವಳು ಚೀರಿ ಹಿಂದಕ್ಕೆ ಬಿದ್ದಳು. ಜೋಗಿ ಗಹಗಹಿಸಿ ನಕ್ಕ. “ಉಸಿರಾಡುವವರು ಅದನ್ನು ಮುಟ್ಟಿದರೆ ಅಷ್ಟೇ! ಇನ್ನೊಮ್ಮೆ ಮುಟ್ಟು, ನನ್ನ ಕೆಲಸ ಸುಲಭವಾಗುತ್ತದೆ.”

ಮರಳಿನ ದುಗ್ಗಿ ಇವಳ ಬಳಿ ಬಂದು ಮಂಡಿಯೂರಿತು. ಉದುರಿದ ಬೆರಳುಗಳನ್ನು ನೋಡಿತು, ತನ್ನ ಬೆರಳುಗಳನ್ನು ನೋಡಿತು. “ಅಲೆ ಏರಿದ್ದು ನನಗೆ ನೆನಪಿದೆ,” ಎಂದಿತು ಮೆಲ್ಲಗೆ. “ಹೊಟ್ಟೆಯೊಳಗೆ ಕಚಗುಳಿಯಿಟ್ಟ ಹಾಗೆ ಆಗುತ್ತದೆ. ಆದರೆ ನಾನು ಏರಿಯೇ ಇಲ್ಲ, ಅಲ್ಲವೇ? ನಿಜಕ್ಕೂ ಹಾಗೇ ಇರುತ್ತದೆಯೇ?”

ದುಗ್ಗಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. “ನೆನಪಿಗಿಂತ ಹೆಚ್ಚಿರುತ್ತದೆ,” ಎಂದಳು. “ಆದರೆ ನೀರು ಮುಟ್ಟಿದರೆ ನೀನು ಉಳಿಯುವುದಿಲ್ಲ.”

“ಗೊತ್ತು,” ಎಂದಿತು ಅದು. “ಇಲ್ಲೇ ಕೂತರೂ ಉಳಿದಂತಲ್ಲ. ನಿನಗೆ ಅಬ್ಬೆ ಇದ್ದಾಳೆ, ಹೋಗು.”

ಎದ್ದು ಓಡಿತು. ಜೋಗಿ, “ನಿಲ್ಲು! ನಾನು ನಿನ್ನನ್ನು ಮಾಡಿದವನು!” ಎಂದು ಕೂಗಿದ. ಮರಳಿಗೆ ಮರಳಾಗುವ ಭಯವೇನು? ಮರಳಿನ ದುಗ್ಗಿ ಎರಡೂ ಕೈಯಿಂದ ಬೆತ್ತ ಹಿಡಿದು ಒಂದೇ ಎಳೆತಕ್ಕೆ ಕಿತ್ತುಬಿಟ್ಟಿತು.

ಕಡಲು ಗೋಡೆಯಂತೆ ಎದ್ದು ಬಂತು. ಆ ಮರಳಿನವಳು ಬೆತ್ತವನ್ನು ಹಲಗೆಯಂತೆ ಅದಕ್ಕೆ ಅಡ್ಡ ಹಾಸಿ, ಮೇಲೆ ನಿಂತು, ಕೈ ಚಾಚಿ ಏರಿದಳು. ಒಂದು ಗಳಿಗೆ, ಒಂದೇ ಗಳಿಗೆ, ಅಲೆಯ ನೆತ್ತಿಯಲ್ಲಿ ಕರಿ ಮರಳಿನ ಹುಡುಗಿಯೊಬ್ಬಳು ಮಗುವಿನಂತೆ ನಕ್ಕದ್ದನ್ನು ದುಗ್ಗಿ ಕಂಡಳು. ಆಮೇಲೆ ಅಲೆ ಇತ್ತು, ಅವಳಿರಲಿಲ್ಲ.

ಅಲೆ ಜೋಗಿಯ ಮೇಲೆ ಬಿತ್ತು. ನೀರು ಇಳಿದಾಗ ಅವನಿದ್ದಲ್ಲಿ ಎಲುಬಿಲ್ಲ, ರಕ್ತವಿಲ್ಲ, ಬರೀ ಕಪ್ಪು ಗುಪ್ಪೆ. ಸಾವಿಗೆ ಹೆದರಿದ ಆ ಮಾಂತ್ರಿಕ ಎಲ್ಲರಿಗಿಂತ ಮೊದಲು ತನ್ನನ್ನೇ ಮರಳು ಮಾಡಿಕೊಂಡಿದ್ದ! ದುಗ್ಗಿ ದಿಗ್ಭ್ರಮೆಯಿಂದ ಬಾಯಿಗೆ ಕೈ ಒತ್ತಿಕೊಂಡಳು. ಆ ಬಲಗೈಯಲ್ಲಿ ಮತ್ತೆ ಐದೂ ಬೆರಳುಗಳಿದ್ದವು, ಬೆಚ್ಚಗಿದ್ದವು.

ಅತ್ತ ಎರಡನೆಯ ದ್ವೀಪದಲ್ಲಿ ನಿಂತ ಅಲೆ ಮುರಿದು ಬಿತ್ತು. ನೂರಾರು ಜನ ದಂಡೆಗೆ ಉರುಳಿದರು. ಒಬ್ಬರನ್ನೊಬ್ಬರು ನೋಡಿ, ತಮ್ಮ ಮೂಳೆ, ತಮ್ಮ ಗಡ್ಡ ಮುಟ್ಟಿ ನೋಡಿ, ಗೋಳೋ ಎಂದು ಅತ್ತರು. ತೊರಕೆ ಎಲ್ಲರನ್ನೂ ಬೆನ್ನ ಮೇಲೆ ಕೂರಿಸಿಕೊಂಡು ಹೊರಟಿತು. ನಡುದಾರಿಯಲ್ಲಿ ಶಂಖಾವತಿಯ ಹಡಗು ಎದುರಾಯಿತು. ಅದರ ಅಂಚಿಗೆ ಅಬ್ಬೆ ಒರಗಿ ಕೂತಿದ್ದಳು, ಮಡಿಲ ತುಂಬ ಮರಳು.

“ದುಗ್ಗಿ, ನಿನ್ನಣ್ಣ ಈಗಷ್ಟೇ ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದ,” ಎಂದಳು ಮಂಕಾಗಿ. “ಹಾಗೇ ಉದುರಿಹೋದ.”

ಆಗ ನಿಜವಾದ ಕುಪ್ಪಣ್ಣ, “ಅಬ್ಬೇ, ಹಸಿವು,” ಎಂದ. ಅಬ್ಬೆ ಅವನ ಸೀಳಿದ ತುಟಿ, ಗಡ್ಡ, ಉಗುರು ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಬಾಚಿ ತಬ್ಬಿಕೊಂಡಳು. ಆಮೇಲೆ ಮಡಿಲ ಮರಳನ್ನು ಕೊಡವಿಬಿಡಲಿಲ್ಲ. ಸೆರಗಿನಲ್ಲಿ ಕಟ್ಟಿ ಬಗ್ಗಿ ಮೆಲ್ಲಗೆ ಕಡಲಿಗೆ ಬಿಟ್ಟಳು. “ಇವನೂ ನನ್ನನ್ನು ಅಬ್ಬೆ ಎಂದಿದ್ದ,” ಎಂದಳು.

ಅರಮನೆಯಲ್ಲಿ ಸಿಂಹಾಸನದ ಮೇಲೊಂದು ಮರಳಿನ ಗುಪ್ಪೆ, ಅದರ ಮೇಲೊಂದು ಕಿರೀಟ. ಮಗನೆಂದು ನಂಬಿ ಪಟ್ಟ ಬಿಟ್ಟುಕೊಟ್ಟಿದ್ದ ಮುದಿ ಅರಸ ಅದರ ಮುಂದೆ ನಿಂತಿದ್ದ. ನಿಜವಾದ ಮಗನನ್ನು ಕಂಡು ಅವನಿಗೆ ಜೀವ ಬಂತು. “ಇನ್ನು ಯಾರೂ ಆ ದ್ವೀಪಗಳಿಗೆ ಹೋಗಕೂಡದು!” ಎಂದು ಡಂಗುರ ಹೊಡೆಸಲು ಹೊರಟ.

“ಬೇಡ ಒಡೆಯಾ,” ಎಂದಳು ದುಗ್ಗಿ. “ತಪ್ಪು ಅಲೆಯದಲ್ಲ. ಹೋಗಲಿ, ನೋಡಲಿ, ಏರಲಿ. ಸಾಕೆಂದಾಗ ಇಳಿಯಲಿ. ಅವರನ್ನು ಕರೆದೊಯ್ಯುವ ಹಡಗು ನನಗೆ ಕೊಡಿ.”

ಅರಸ ಹಡಗು ಕೊಟ್ಟ. ರಾಜಕುಮಾರ ಅದರಲ್ಲಿ ಹುಟ್ಟು ಹಾಕುವ ಆಳಾಗಿ ಸೇರಿದ. ಒಳ್ಳೆಯ ಆಳೇ ಆದ. ಅಬ್ಬೆ ಇಳಿವಯಸ್ಸಿನಲ್ಲಿ ಹಲಗೆಯೇರಲು ಕಲಿತು, ಬಿದ್ದು ಬಿದ್ದು ನಕ್ಕಳು. ಶಂಖಾವತಿಯವರು ಉಂಡು, ಬೆವರಿ, ಜಗಳವಾಡಿ, ಮುಪ್ಪಾಗಿ, ಸುಖವಾಗಿ ಬಾಳಿದರು.

ಆ ಕಪ್ಪು ದಂಡೆಗೆ ಹೋದವರು ಮೊದಲು ಬರುವ ಅಲೆಯನ್ನು ಇವತ್ತಿಗೂ ಏರುವುದಿಲ್ಲ. ಹಲಗೆ ಹಿಡಿದು ನೀರಲ್ಲಿ ನಿಂತು, ಅದನ್ನು ಹಾಗೇ ಹೋಗಗೊಡುತ್ತಾರೆ. ಅದು ಆ ಮರಳಿನ ಹುಡುಗಿಯದು.