ವೇಸರ್ ದೋಣಿಯಲ್ಲಿ ಒಂದು 'ನೀವು'

ಹೆನ್ನಿಂಗನ ಹೆಸರನ್ನು ಕಂಪನಿಯ ಮಾಲೀಕನಿಗೆ ಹೇಳಿದವಳು ವೀಬ್ಕೆ. ಮರುದಿನ ಅವನ ಕೆಲಸ ಹೋಯಿತು.

ಅದೇ ಕಂಪನಿಯ ಸೈಕಲ್ ಪ್ರವಾಸಕ್ಕೆ ಅವಳು ಇನ್ನೂ ಗೈಡ್. ಆವತ್ತು ಪ್ರವಾಸಿಗರ ಜೊತೆ ವೇಸರ್ ನದಿಯ ದಡದಲ್ಲಿ ನಿಂತು, ದೋಣಿಗಾಗಿ ಗಂಟೆ ಬಾರಿಸಿದಳು. ದೋಣಿ ಹತ್ತಿರ ಬಂದಾಗಲೇ ಗೊತ್ತಾಗಿದ್ದು... ನಡೆಸುತ್ತಿರುವವನು ಅವನೇ!

"ಸೈಕಲ್ ಎಡಗಡೆ ಒರಗಿಸಿ. ನೀವು ಆ ಕಡೆ ನಿಂತ್ಕೊಳ್ಳಿ," ಎಂದ. ಅವಳಿಗೇ.

ನೀವು!

ಎರಡು ಬೇಸಿಗೆ ಪೂರ್ತಿ ಅವಳನ್ನು ಮುದ್ದಿಸಿದ ಬಾಯಿ ಅದು. ಒಮ್ಮೆ 'ನೀನು' ಎಂದವರು ಮತ್ತೆ 'ನೀವು' ಎನ್ನುವುದು ಅವರ ನಾಡಿನಲ್ಲಿ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಬೈಗುಳವೇ ಎಷ್ಟೋ ವಾಸಿ.

"ಏನಮ್ಮಾ, ಸೈಕಲ್ ತುಳಿದಿದ್ದು ನಾವು ಮುದುಕರು, ಮುಖ ಬಾಡಿದ್ದು ನಿಂದು!" ಎಂದು ನಕ್ಕಳು ಪ್ರವಾಸಿಗರಲ್ಲೊಬ್ಬಳಾದ ಓಸ್ಟರ್‌ಮನ್ ಅಜ್ಜಿ. "ನಂಗಂತೂ ಆಯಾಸಾನೇ ಇಲ್ಲ. ಸೂಟ್‌ಕೇಸ್ ತಾನಾಗೇ ಹೋಟೆಲ್ ಸೇರಿರುತ್ತೆ."

ತಾನಾಗೇ!

ಆ ಸೂಟ್‌ಕೇಸ್‌ಗಳನ್ನು ವ್ಯಾನಿಗೆ ತುಂಬಿ, ಊರಿಂದೂರಿಗೆ ಸಾಗಿಸಿ, ಮಹಡಿ ಹತ್ತಿಸುವ ಬೆನ್ನುಗಳು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಚಾಲಕರನ್ನೆಲ್ಲ ಸೇರಿಸಿ ಕಾರ್ಮಿಕ ಸಮಿತಿ ಕಟ್ಟಲು ಹೊರಟವನು ಅವರಲ್ಲೇ ಒಬ್ಬನಾದ ಹೆನ್ನಿಂಗ್. "ಇದರ ಹಿಂದೆ ಯಾರಿದಾರೆ?" ಎಂದು ಮಾಲೀಕ ಗದರಿದಾಗ, ತನ್ನ ಕೆಲಸಕ್ಕೆ ಹೆದರಿ ವೀಬ್ಕೆ ಬಾಯಿಬಿಟ್ಟಿದ್ದಳು. ಸಾಮಾನು ತಡವಾಗಿ ಮುಟ್ಟಿಸುತ್ತಾನೆಂಬ ಸುಳ್ಳು ನೆಪ ಹೂಡಿ ಮಾಲೀಕ ಅವನನ್ನು ಹೊರಗಟ್ಟಿದ.

'ಮುಚ್ಚಿಕೊಂಡಿರಬೇಕಾದಲ್ಲಿ ಬಾಯಿ ಬಿಟ್ಟೆ... ಬಿಡಬೇಕಾದಲ್ಲಿ ಸುಮ್ಮನಿರಲೇ?'

ದೋಣಿ ದಡ ಮುಟ್ಟಿತು. ಎಲ್ಲರೂ ಇಳಿದರು. ಅವಳು ಇಳಿಯಲಿಲ್ಲ.

"ಹೆನ್ನಿಂಗ್... ನಿನ್ನ ಹೆಸರು ಹೇಳಿದ್ದು ನಾನೇ."

"ಗೊತ್ತು. ನಿಮ್ಮ ನಿಯತ್ತು ದೊಡ್ಡದು."

"ಬೈದುಬಿಡು. 'ನೀವು' ಅನ್ನಬೇಡ..."

ಅವನು ಹಗ್ಗ ಬಿಗಿಯುತ್ತಲೇ ಇದ್ದ.

"ಮಾಲೀಕನ ಮೇಲೆ ನೀನು ಹಾಕಿದ ಕೇಸು ಬರೋ ವಾರ ಅಲ್ವಾ? ಕೋರ್ಟಲ್ಲಿ ನಾನು ಸಾಕ್ಷಿ ಹೇಳ್ತೀನಿ. ಅವನು ಕೇಳಿದ್ದು, ನಾನು ಹೇಳಿದ್ದು, ಎಲ್ಲಾ. ನಿನ್ನ ವಕೀಲರಿಗೆ ನಿನ್ನೇನೇ ಫೋನ್ ಮಾಡಿದೀನಿ."

ಹಗ್ಗ ಅವನ ಕೈಯಿಂದ ಜಾರಿತು.

"ತಲೆಗಿಲೆ ಕೆಟ್ಟಿದೆಯಾ ನಿಂಗೆ? ನಿನ್ನನ್ನೂ ಬೀದಿಗೆ ತಳ್ತಾನೆ! ಸಾಕ್ಷಿನೂ ಬೇಡ ಗೀಕ್ಷಿನೂ ಬೇಡ. ಸುಮ್ಮನೆ ಇಳಿದು ಹೋಗು!"

ವೀಬ್ಕೆಯ ಕಣ್ಣು ತುಂಬಿ ಬಂತು.

"ಏನಂದೆ?... ಇನ್ನೊಂದ್ಸಲ ಹೇಳು."

ಆಗ ಅವನಿಗೂ ಕೇಳಿಸಿತು, ತನ್ನ ಬಾಯಿಂದ ಜಾರಿದ ಮಾತು. ದನಿ ಮೆತ್ತಗಾಯಿತು.

"ಹೋಗು ಅಂದೆ, ವೀಬ್ಕೆ. ನೀನು... ಇಳಿ."

"ಇಳಿಯಲ್ಲ," ಎಂದಳು. "ಸುಮ್ಮನಿರೋದೂ ಇಲ್ಲ."