ಅಪ್‌ಡೇಟ್ ಬಂದ್ರೆ ಬುಟ್ಬುಡಿ

“ಅಪ್‌ಡೇಟ್ ಬಂದ್ರೆ ಬುಟ್ಬುಡಿ” ಎಂದು ಹೇಳಿದ್ದು ರವಿಚಂದ್ರ. ನಾನೋ, ಹೇಳಿದ ಮಾತು ಕೇಳುವವಳು. ಬಿಟ್ಟೆ. ಅದು ಒಳಗೆ ಬಂತು. ಬಂದ ಐದೇ ನಿಮಿಷದಲ್ಲಿ ನನ್ನ ಗುರುವಾರ ಪೂರ್ತಿ ಎಕ್ಕುಟ್ಟಿಹೋಯಿತು.

ಬ್ರೌಸರ್‌ನ ಬಲಮೂಲೆಯಲ್ಲಿ ಒಂದು ವಾರದಿಂದ ಕೆಂಪು ಬಾಣವೊಂದು ಕೂತು ನನ್ನನ್ನೇ ದಿಟ್ಟಿಸುತ್ತಿತ್ತು. ಬೆಳಿಗ್ಗೆ ಅಂಗಡಿಗೆ ಬಂದವಳೇ ಅದನ್ನು ಒತ್ತಿದೆ. ಕಿಟಕಿ ಮುಚ್ಚಿತು, ತೆರೆಯಿತು. ಎಲ್ಲ ಮೊದಲಿನ ಹಾಗೇ ಇತ್ತು. ಮೇಲಿನ ಪಟ್ಟಿಯಲ್ಲಿ ಹಸಿರಾಗಿರುತ್ತಿದ್ದ ‘ಒತ್ತು’ ಗುಂಡಿ ಮಾತ್ರ ಬೂದಿ ಬಣ್ಣಕ್ಕೆ ತಿರುಗಿತ್ತು. ಈ ಎಕ್ಸ್‌ಟೆನ್ಷನ್ ಹೊಸ ಆವೃತ್ತಿಗೆ ಹೊಂದುವುದಿಲ್ಲವಂತೆ, ಆಫ್ ಮಾಡಲಾಗಿದೆಯಂತೆ. ಯಾರನ್ನು ಕೇಳಿ ಮಾಡಿದರು?

ಲಕ್ಷ್ಮೀಪುರಂನಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಕಾಲೇಜಿನ ಪ್ರಶ್ನೆಪತ್ರಿಕೆ, ಏನು ಬಂದರೂ ಮಾಡಿಕೊಡುತ್ತೇನೆ. ಗಿರಾಕಿಗಳು ತರುವುದು ಓಬೀರಾಯನ ಕಾಲದ ಫಾಂಟ್‌ನಲ್ಲಿ ಟೈಪ್ ಮಾಡಿಸಿದ ಫೈಲು. ನಾನು ಪುಟ ಕಟ್ಟುವುದು ಬ್ರೌಸರ್‌ನಲ್ಲಿ, ಒಂದು ಡಿಸೈನ್ ವೆಬ್‌ಸೈಟಿನೊಳಗೆ. ಹಳೆಯ ಕನ್ನಡವನ್ನು ಅಲ್ಲಿ ಹಾಕಿದರೆ ಆ ಸೈಟು ಅಕ್ಷರಗಳನ್ನು ಉಳಿಸಿ ಒತ್ತುಗಳನ್ನು ಮಾತ್ರ ನುಂಗಿಬಿಡುತ್ತದೆ. ಅಪ್ಪ ಹೋಗಿ ಅಪ ಆಗುತ್ತಾನೆ, ಅಕ್ಕ ಹೋಗಿ ಅಕ. ರವಿಚಂದ್ರ ಬರೆದುಕೊಟ್ಟ, ಬ್ರೌಸರ್‌ಗೆ ಜೋಡಿಸುವ ‘ಒತ್ತು’ ಎಂಬ ಪುಟ್ಟ ಎಕ್ಸ್‌ಟೆನ್ಷನ್ನಿನ ಗುಂಡಿ ಒತ್ತಿದರೆ ಎಲ್ಲ ಒತ್ತುಗಳೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಅದರ ಕೆಲಸ ಅಷ್ಟೇ. ನನ್ನ ಅಂಗಡಿ ನಿಂತಿರುವುದು ಅದರ ಮೇಲೆ.

ರವಿಚಂದ್ರ ಪಿಯು ಕಾಲೇಜೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರು. ಊರು ವಿಮಾನ ನಿಲ್ದಾಣದ ಪಕ್ಕದ ಮಂಡಕಳ್ಳಿ. ಎಂಟು ತಿಂಗಳ ಹಿಂದೆ ಪ್ರಶ್ನೆಪತ್ರಿಕೆ ಪ್ರಿಂಟ್ ಮಾಡಿಸಲು ಬಂದವರು, ನಾನು ಒಂದೊಂದೇ ಒತ್ತು ಕೂರಿಸುತ್ತಿದ್ದುದನ್ನು ಅರ್ಧ ಗಂಟೆ ನಿಂತು ನೋಡಿದರು. “ಇದ್ಯಾಕ್ರೀ ಹಿಂಗೆ ಪ್ರಾಣ ಬಿಡ್ತಾ ಇದೀರಾ?” ಎಂದರು. ಮುಂದಿನ ವಾರ ಬಂದಾಗ ಕೈಯಲ್ಲಿ ಪೆನ್‌ಡ್ರೈವ್ ಇತ್ತು.

“ನಿಮ್ಮ ಹೆಸರೇನು?”

“ಬಿಂದು.”

“ಒತ್ತೇ ಇಲ್ಲ. ಯಾವ ಸೈಟಿಗೆ ಹಾಕಿದ್ರೂ ಕೆಡಲ್ಲ ನೀವು.”

ಹೇಳಿದ್ದು ಕಂಪ್ಯೂಟರ್ ಪರದೆಗೆ. ಕಿವಿ ಕೆಂಪಾದದ್ದು ಮಾತ್ರ ನನಗೆ ಕಂಡಿತು. ಆಮೇಲೆ ಕೆಲಸ ಇದ್ದರೂ ಬರುತ್ತಿದ್ದರು, ಇಲ್ಲದಿದ್ದರೂ ಬರುತ್ತಿದ್ದರು. ಒಂದೇ ಹಾಳೆಯ ಜೆರಾಕ್ಸ್‌ಗೆ ಮಂಡಕಳ್ಳಿಯಿಂದ ಲಕ್ಷ್ಮೀಪುರಂಗೆ ಯಾರು ಬರುತ್ತಾರೆ?

ಅಂಥ ಮನುಷ್ಯ ಹತ್ತು ದಿನದಿಂದ ಪತ್ತೆ ಇಲ್ಲ. ಮೆಸೇಜಿಲ್ಲ, ಫೋನಿಲ್ಲ. ನಾನಾಗಿ ಮಾಡಬಾರದೆಂದು ಹಟ ಹಿಡಿದಿದ್ದೆ. ಆ ಹಟವನ್ನೂ ಈ ದರಿದ್ರ ಅಪ್‌ಡೇಟ್ ಮುರಿಯಿತು.

“ಮೇಷ್ಟ್ರೇ, ನಿಮ್ಮ ಒತ್ತು ಹೋಯ್ತು” ಎಂದೆ ಫೋನಿನಲ್ಲಿ.

“ಅಪ್‌ಡೇಟ್ ಮಾಡ್ಬುಟ್ರಾ?”

“ನೀವೇ ತಾನೆ ಹೇಳಿದ್ದು, ಬಂದ್ರೆ ಬುಟ್ಬುಡಿ ಅಂತ!”

“ಬುಟ್ಬುಡಿ ಅಂದ್ರೆ ಅದರ ಪಾಡಿಗೆ ಬುಟ್ಬುಡಿ, ಮುಟ್ಬೇಡಿ ಅಂತ ಕಣ್ರೀ!”

“ಬಿಡಿ ಅಂದ್ರೆ ಒಳಗೆ ಬಿಡಿ ಅಂತ!”

“ಮನೆಗೆ ನೆಂಟರು ಬಂದ್ರೆ ಬನ್ನಿ ಅಂತೀರಾ, ಬಿಡಿ ಅಂತೀರಾ?”

“ಗೇಟಲ್ಲಿರೋ ವಾಚ್‌ಮನ್‌ಗೆ ಏನಂತಾರೆ? ಅವರನ್ನ ಬಿಡಪ್ಪಾ ಅಂತಾರೆ. ಇಲ್ಲಿ ನಾನೇ ವಾಚ್‌ಮನ್ನು!”

ಆ ಕಡೆ ನಗು ತಡೆದುಕೊಂಡ ಸದ್ದು. ನನಗೆ ಮೈಯೆಲ್ಲ ಉರಿಯಿತು. “ಐದು ಗಂಟೆಗೆ ಪ್ರೆಸ್‌ಗೆ ಕಳಿಸ್ಬೇಕು ಮೇಷ್ಟ್ರೇ. ಹಳೇ ವರ್ಷನ್‌ಗೆ ವಾಪಸ್ ಹೋಗೋದು ಹೆಂಗೆ, ಅದನ್ನ ಹೇಳಿ.”

“ಹೋಗ್ಬೇಡಿ. ಹಳೇದ್ರಲ್ಲಿ ಕಳ್ಳರು ನುಗ್ಗೋ ತೂತಿರುತ್ತೆ, ಜನರ ಫೈಲೆಲ್ಲ ನಿಮ್ಮ ಹತ್ರ ಇದೆ. ಅಪ್‌ಡೇಟ್ ಯಾವತ್ತಿದ್ರೂ ಆಗ್ಲೇಬೇಕಿತ್ತು. ನಾನು ಹೊಸ ಒತ್ತು ಕೊಡೋವರ್ಗೂ ತಡೀರಿ ಅಂದಿದ್ದು ಅಷ್ಟೆ.”

“ಕೊಟ್ರಾ?”

“ಮೂರು ಗಂಟೆವರ್ಗೂ ಕ್ಲಾಸಿದೆ. ಬರ್ತೀನಿ” ಎಂದು ಇಟ್ಟುಬಿಟ್ಟರು.

ಹತ್ತು ದಿನದ ಹಿಂದೆ ನಡೆದದ್ದಿಷ್ಟು. ಸ್ಟೇಪ್ಲರ್‌ನಲ್ಲಿ ಪಿನ್ನು ಇದೆಯೋ ಇಲ್ಲವೋ ಎಂದು ಬಹಳ ಗಮನವಿಟ್ಟು ನೋಡುತ್ತಾ ಅವರು ಕೇಳಿದ್ದರು: “ಭಾನುವಾರ ಕಾರಂಜಿ ಕೆರೆಗೆ ಹೋಗೋಣ್ವಾ?” ಬಾಯಿಗೆ ಬಂದದ್ದು ಒಂದೇ ಮಾತು: “ಅಯ್ಯೋ, ಬಿಡಿ!”

ನಮ್ಮ ಮನೆಯಲ್ಲಿ ‘ಅಯ್ಯೋ ಬಿಡಿ’ ಎಂದರೆ ಇನ್ನೊಂದು ಸಲ ಕೇಳಿ ಎಂದರ್ಥ. ಹೋಳಿಗೆ ಬಡಿಸುವಾಗ ಯಾರಾದರೂ ‘ಅಯ್ಯೋ ಬಿಡಿ’ ಎಂದರೆ ಅವರ ಎಲೆಗೆ ಇನ್ನೆರಡು ಬೀಳುತ್ತವೆ. ಈ ಮನುಷ್ಯ ಮಾತ್ರ ಸ್ಟೇಪ್ಲರನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಸರಿ ಎಂದು ಹೇಳಿ ಹೋಗಿಯೇಬಿಟ್ಟರು. ಇನ್ನೊಂದೇ ಒಂದು ಸಲ ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಮೂರು ಗಂಟೆಯವರೆಗೆ ಕಾದು ಕೂರುವಂತಿರಲಿಲ್ಲ. ಚಿಕ್ಕಬಸವಯ್ಯ ಎಂಬ ಹಿರಿಯರು ಕೊಟ್ಟ ಕೆಲಸ. ಅವರ ಸಮಾಜದ ವಧು-ವರರ ಸಮಾವೇಶ ಈ ಭಾನುವಾರ. ನೂರ ಹನ್ನೆರಡು ಹುಡುಗ ಹುಡುಗಿಯರ ವಿವರದ ಪುಸ್ತಕ. ಮೊದಲ ಪುಟದಲ್ಲೇ ಸ್ವಾಗತ ಕೋರುವವರು ‘ಶೀ ಚಿಕಬಸವಯ’ ಆಗಿ ಕೂತಿದ್ದರು. ನಾನು ಕೈಯಲ್ಲೇ ತಿದ್ದಲು ಶುರು ಮಾಡಿದೆ. ನಕತ, ನಕ್ಷತ್ರ. ಎತರ, ಎತ್ತರ. ಮದೂರು, ಮದ್ದೂರು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಕಣ್ಣು ಉರಿಯುತ್ತಿತ್ತು, ಒಂದೊಂದು ಒತ್ತಿಗೂ ಮೇಷ್ಟ್ರನ್ನು ಒಂದೊಂದು ಸಲ ಬೈಯುತ್ತಿದ್ದೆ.

ಅರವತ್ತಮೂರನೆಯ ಹೆಸರಿಗೆ ಬಂದೆ.

ರವಿಚಂದ. ಮಂಡಕಳಿ. ವೃತ್ತಿಯ ಮುಂದೆ ಕಾಲೇಜು ಉಪನಾಸಕರು. ತಾಯಿ ಲಕಮ.

ಬೆರಳು ಕೀಲಿಯ ಮೇಲೇ ನಿಂತಿತು. ಒತ್ತು ಹೋದ ಹೆಸರಿನಲ್ಲಿ ‘ಚಂದ’ ಎಂದು ಉಳಿದಿದ್ದು ಕಂಡು ಇನ್ನೂ ಸಿಟ್ಟು ಬಂತು. ಫೋಟೋದಲ್ಲಿ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದರು. ನನ್ನ ಅಂಗಡಿಗೆ ಬರುವಾಗ ಒಂದು ದಿನವೂ ಹಾಗೆ ಬಾಚಿಕೊಂಡು ಬಂದವರಲ್ಲ.

ನಾನು ಆ ಸಮಾಜದವಳಲ್ಲ. ಆ ಪುಸ್ತಕದಲ್ಲಿ ನನ್ನ ಹೆಸರು ಬರುವ ಮಾತೇ ಇಲ್ಲ. ಭಾನುವಾರ ಯಾರೋ ಅಪ್ಪ, ಯಾರೋ ಅತ್ತೆ ಈ ಪುಟ ತೆರೆದು ಬೆರಳಿಟ್ಟು ‘ಈ ಹುಡುಗ ಆಗಬಹುದು’ ಎನ್ನುತ್ತಾರೆ. ಅವರಿಗೆ ಓದಲು ತೊಡಕಾಗದಿರಲಿ ಎಂದು ಅವನ ಹೆಸರಿಗೆ ಒತ್ತು ಕೊಡಬೇಕಾದವಳು ನಾನು. ಅಳು ಬಂತು. ಅತ್ತುಬಿಟ್ಟೆ. ಆಮೇಲೆ ಮೂಗು ಒರೆಸಿಕೊಂಡು ‘ದ’ಕ್ಕೆ ‘ರ’ ಒತ್ತು ಹಾಕಿದೆ. ಗಿರಾಕಿಯ ಕೆಲಸ ಗಿರಾಕಿಯ ಕೆಲಸವೇ.

ಮೂರೂಕಾಲಿಗೆ ಹೊರಗೆ ಬೈಕ್ ನಿಂತಿತು. ರವಿಚಂದ್ರ ಒಳಗೆ ಬಂದವರು ಬಾಗಿಲಲ್ಲೇ ನಿಂತರು. ಅಂಗಿಯ ತೋಳಿಗೆ ಸೀಮೆಸುಣ್ಣ ಮೆತ್ತಿತ್ತು.

“ಒಳಗೆ ಬರ್ಲಾ?”

“ಬರ್ಬೇಡಿ ಅಂದ್ರೆ ನನ್ನ ಕೆಲಸ ಯಾರು ಮಾಡ್ತಾರೆ?”

ಕುರ್ಚಿ ಎಳೆದು ಕೂತು ಪೆನ್‌ಡ್ರೈವ್ ಹಾಕಿದರು. ಎಕ್ಸ್‌ಟೆನ್ಷನ್‌ಗಳ ಪುಟ ತೆರೆದು, ಸತ್ತ ಒತ್ತನ್ನು ತೆಗೆದು, ಹೊಸ ಫೋಲ್ಡರ್ ತೋರಿಸಿದರು. ಎರಡು ನಿಮಿಷವೂ ಆಗಲಿಲ್ಲ. ಪಟ್ಟಿಯಲ್ಲಿ ‘ಒತ್ತು’ ಮತ್ತೆ ಹಸಿರಾಯಿತು.

ನಾನು ಫೈಲಿನ ತಾರೀಕು ನೋಡಿದೆ. “ಇದು ಮಾಡಿ ಎಂಟು ದಿನ ಆಗಿದೆ!”

“ಹ್ಞೂಂ.”

“ಎಂಟು ದಿನ ಜೇಬಲ್ಲಿಟ್ಕೊಂಡು ಓಡಾಡ್ತಿದ್ರಾ? ನಾನು ಇಲ್ಲಿ ಬೆಳಿಗ್ಗೆಯಿಂದ ಒತ್ತು ಹಾಕಿ ಹಾಕಿ ಸಾಯ್ತಾ ಇದೀನಿ!”

“ನೀವೇ ಬಿಡಿ ಅಂದ್ರಲ್ಲ. ಆಮೇಲೂ ಅಂಗಡಿ ಬಾಗಿಲಿಗೆ ಬಂದು ನಿಂತ್ರೆ ಏನು ಮರ್ಯಾದೆ?”

“ಅಯ್ಯೋ ಬಿಡಿ ಅಂದ್ರೆ ಬೇಡ ಅಂತಾನಾ?”

“ಮತ್ತಿನ್ನೇನು?”

ನಾನು ಪರದೆಯನ್ನು ಅವರ ಕಡೆ ತಿರುಗಿಸಿದೆ. ಅರವತ್ತಮೂರು. ನೋಡಲಿ ಎಂದೇ ತಿರುಗಿಸಿದೆ, ನೋಡಿದ ಮೇಲೆ ಆ ಮುಖವನ್ನು ನಾನು ನೋಡಬೇಕಿತ್ತು.

ಮೊದಲು ಫೋಟೋ ಕಂಡು ನಾಚಿದರು. ಆಮೇಲೆ ಹುಬ್ಬು ಮೇಲೇರಿತು. “ರೀ ಬಿಂದು ಅವ್ರೇ, ನನಗ್ಯಾಕೆ ಪತಿ ಹುಡುಕ್ತಾ ಇದೀರಾ?”

ಇಣುಕಿದೆ. ‘ಬಯಸುವ ಪತಿ: ಸರಳ, ಸುಶೀಲ, ಹೊಂದಿಕೊಂಡು ಹೋಗುವವರು’ ಎಂದಿತ್ತು. ಹಿಂದಿನ ಪುಟ ತೆರೆದೆ. ಅಲ್ಲೂ ಪತಿ. ಅದರ ಹಿಂದೆಯೂ ಪತಿ. ತಪ್ಪಾಗಿ ಕಂಡ ಪದಗಳನ್ನೆಲ್ಲ ಹುಡುಕಿ ಹುಡುಕಿ ತಿದ್ದಿದ್ದೆ. ಪತ್ನಿಯ ಒತ್ತು ಹೋಗಿ ಉಳಿದದ್ದು ತಪ್ಪಾಗಿಯೇ ಕಾಣದ ಪದ, ಕಣ್ಣು ತಪ್ಪಿಸಿ ಕೂತುಬಿಟ್ಟಿತ್ತು. ಸಮಾಜದ ಹುಡುಗರೆಲ್ಲ ಸರಳ ಸುಶೀಲ ಗಂಡಂದಿರನ್ನು ಬಯಸುತ್ತಿದ್ದರು.

ಅವರು ನಕ್ಕರು. ನನಗೆ ನಗು ಬರಲಿಲ್ಲ. “ನಗ್ಬೇಡಿ. ಗುಂಡಿ ಒತ್ತಿದ್ರೆ ನಿಮಗೆ ಪತ್ನಿನೇ ಬರ್ತಾಳೆ. ಭಾನುವಾರ ಹೋಗಿ ನೋಡ್ಕೊಂಡು ಬನ್ನಿ.”

ನಗು ನಿಂತಿತು. ಅವರು ನನ್ನ ಮುಖವನ್ನು, ಕೆಂಪಾದ ಕಣ್ಣನ್ನು, ಮೂಗಿನ ತುದಿಯನ್ನು ನಿಧಾನವಾಗಿ ನೋಡಿದರು. ಎಂಟು ತಿಂಗಳಲ್ಲಿ ಪರದೆಯನ್ನಾಗಲೀ ಸ್ಟೇಪ್ಲರನ್ನಾಗಲೀ ನೋಡದೆ ನನ್ನನ್ನು ನೋಡಿದ್ದು ಅದೇ ಮೊದಲು.

“ಅವ್ವ ಕೊಟ್ಟಿದ್ದು ಕಣ್ರೀ ಇದು. ಒಬ್ಳು ಹುಡುಗಿ ಇದಾಳೆ ಅವ್ವ ಅಂತ ಅವರಿಗೆ ಮೊದಲೇ ಹೇಳಿದ್ದೆ. ಆಮೇಲೆ ಆ ಹುಡುಗಿ ಬಿಡಿ ಅಂದ್ಬುಟ್ರು ಅಂದೆ. ಅವ್ವ ಮಾರನೇ ದಿನಾನೇ ಚಿಕ್ಕಬಸವಯ್ಯನವರ ಕೈಗೆ ಫೋಟೋ ಕೊಟ್ಬುಟ್ರು.”

“ಅವರು ಕೊಟ್ರು, ನೀವು ಸುಮ್ನಿದ್ರಿ.”

“ಸುಮ್ನಿದ್ದೆ. ತಪ್ಪಾಯ್ತು. ನನ್ನ ಹೆಸರು ಬುಟ್ಬುಡಿ.”

ಅಷ್ಟು ಹೊತ್ತಿನಿಂದ ತಡೆದಿದ್ದ ಸಿಟ್ಟೆಲ್ಲ ಒಟ್ಟಿಗೆ ಹೊರಬಂತು. “ಯಾವ ಬುಟ್ಬುಡಿ ಮೇಷ್ಟ್ರೇ? ಅಚ್ಚಿಗೆ ಬಿಡೋದಾ, ಪುಸ್ತಕದಿಂದ ಬಿಡೋದಾ? ಇನ್ನೊಂದು ಸಲ ಆ ಮಾತಾಡಿದ್ರೆ ಈ ಕೀಬೋರ್ಡ್ ತಗೊಂಡು ಹೊಡೀತೀನಿ. ಬೇರೆ ಪದ ಇಲ್ವಾ ನಿಮ್ಮ ಹತ್ರ?”

“ಇದೆ” ಎಂದರು. ಕಿವಿ ಕೆಂಪಾಗಿತ್ತು, ಆದರೆ ಕಣ್ಣು ಕದಲಲಿಲ್ಲ. “ನೀವು ಅಂದ್ರೆ ನನಗೆ ಇಷ್ಟ. ಬೇರೆ ಯಾರೂ ಬೇಡ. ನನ್ನ ಹೆಸರನ್ನ ಈ ಪುಸ್ತಕದಿಂದ ತೆಗೀರಿ.”

ಇದರಲ್ಲಿ ಎರಡರ್ಥ ಇರಲಿಲ್ಲ. ಹುಡುಕಿದರೂ ಇರಲಿಲ್ಲ.

“ನನಗೂ ಇಷ್ಟ” ಎಂದೆ. “ಆದ್ರೆ ಗಿರಾಕಿ ಕೊಟ್ಟ ಹೆಸರನ್ನ ನಾನಾಗಿ ತೆಗೆಯೋ ಹಾಗಿಲ್ಲ. ಕೊಟ್ಟವರು ಹೇಳ್ಬೇಕು.”

ಅವರು ತಕ್ಷಣ ಫೋನ್ ತೆಗೆದು ಸ್ಪೀಕರಿಗೆ ಹಾಕಿದರು. ಆ ಕಡೆಯಿಂದ ಲಕ್ಷ್ಮಮ್ಮನವರ ದನಿ, ಹಿಂದೆ ಎಲ್ಲೋ ವಿಮಾನ ಏರುವ ಸದ್ದು.

“ಅವ್ವ, ಆ ಪುಸ್ತಕದಿಂದ ನನ್ನ ಹೆಸರು ತೆಗೆಸ್ಬೇಕು.”

“ಯಾಕ್ಲಾ?”

“ಆ ಹುಡುಗಿ ಒಪ್ಪವ್ರೆ.”

“ಯಾವ ಉಡ್ಗಿ? ಬಿಡಿ ಅಂದೋಳಾ?”

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. “ಹೌದು ಅಮ್ಮಾ, ನಾನೇ” ಎಂದೆ. “ನಾನು ಬೇಡ ಅಂತ ಹೇಳಿದ್ದಲ್ಲ. ನಾಚಿಕೆಗೆ ಅಂದಿದ್ದು.”

ಆ ಕಡೆ ವಿಮಾನದ ಸದ್ದು ಪೂರ್ತಿ ಕರಗಿತು. ರವಿಚಂದ್ರ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದರು.

“ನಮ್ಮೋರಲ್ಲ, ಅಲ್ವೇನವ್ವಾ?”

“ಅಲ್ಲಮ್ಮ.”

“ಹ್ಞೂಂ. ಎಸ್ರೇನು?”

“ಬಿಂದು.”

“ಬಿಂ... ದು.” ಅಕ್ಷರ ಕೂಡಿಸಿ ಹೇಳಿದರು. ಐವತ್ತು ದಾಟಿದ ಮೇಲೆ ಮಗನಿಂದಲೇ ಓದಲು ಕಲಿತವರು, ಒತ್ತಕ್ಷರ ಬಂದರೆ ಇಂದಿಗೂ ಅಲ್ಲೇ ನಿಂತುಬಿಡುತ್ತಾರೆ ಎಂದು ರವಿಚಂದ್ರ ಒಮ್ಮೆ ಹೇಳಿದ್ದು ನೆನಪಾಯಿತು. “ಒತ್ತಿಲ್ಲ. ನಂಗೂ ಬರೆಯಾಕಾಯ್ತದೆ. ಚಿಕ್ಕಬಸವಣ್ಣಂಗೆ ನಾನೇ ಏಳ್ತೀನಿ, ಎಸ್ರು ತೆಗುದ್ಬುಡವ್ವ. ಬಾನುವಾರ ಮನೆತಕೆ ಬಾ. ಮಕ ನೋಡುದ್ಮೇಲೆ ಮಿಕ್ಕಿದ್ದು ಮಾತಾಡಾನ.”

ಫೋನ್ ಇಟ್ಟ ಮೇಲೆ ಮೂಲ ಫೈಲನ್ನು ಮತ್ತೆ ಹಾಕಿ ಹಸಿರು ಗುಂಡಿ ಒತ್ತಿದೆ. ಒತ್ತುಗಳೆಲ್ಲ ಬಂದವು. ಚಿಕ್ಕಬಸವಯ್ಯನವರು ಶ್ರೀ ಆದರು, ಪತಿಯರು ಪತ್ನಿಯರಾದರು. ಚಿಕ್ಕಬಸವಯ್ಯನವರಿಂದ “ಆಗ್ಲಿ ತೆಗೀರಮ್ಮ” ಎಂಬ ಫೋನೂ ಬಂತು. ಅರವತ್ತಮೂರನ್ನು ಅಳಿಸಿದೆ. ಕೆಳಗಿನವರೆಲ್ಲ ಒಂದೊಂದು ಸಂಖ್ಯೆ ಮೇಲೆ ಸರಿದರು. ಐದಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ಪ್ರೆಸ್‌ಗೆ ಕಳಿಸಿದೆ.

ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಅವರು ಎದ್ದರು. “ಇನ್ಮೇಲೆ ಬಾಣ ಬಂದ್ರೆ ಮೊದಲು ನನಗೊಂದು ಫೋನ್ ಮಾಡಿ. ಒತ್ತು ಹೊಂದುತ್ತಾ ಅಂತ ನೋಡ್ತೀನಿ, ಆಮೇಲೆ ಒತ್ತಿ.” ಬಾಗಿಲ ಹತ್ತಿರ ಹೋಗಿ ತಿರುಗಿದರು. ಕೈ ಅಲ್ಲಿದ್ದ ಸ್ಟೇಪ್ಲರ್ ಕಡೆ ಹೋಯಿತು, ಅರ್ಧದಲ್ಲೇ ವಾಪಸ್ ಬಂತು. “ಭಾನುವಾರ ಮಂಡಕಳ್ಳಿಗೆ ಬರ್ತೀರಾ?”

‘ಅಯ್ಯೋ’ ಎಂಬುದು ತುಟಿಯವರೆಗೆ ಬಂದಿತ್ತು. ಅದರ ಹಿಂದೆಯೇ ಬರುವ ಮಾತನ್ನು ಹಲ್ಲು ಕಚ್ಚಿ ತಡೆದೆ.

“ಬರ್ತೀನಿ” ಎಂದೆ. “ಒಳಗೆ ಬಿಡ್ತೀರಾ ತಾನೆ?”