ಹತ್ತೂವರೆಯ ಫೋನು

"ಏನಮ್ಮಾ ಗಂಗಮ್ಮ, ಹಾಲಿಗೆ ಇವತ್ತೂ ನೀರು ಜಾಸ್ತಿ ಬಿತ್ತಾ?"

ದುದ್ದ ಎಂಬ ಊರಿನ ಹಾಲಿನ ಡೇರಿಯಲ್ಲಿ ಸೆಕ್ರೆಟರಿ ಶಾಂತರಾಜು ದಿನಾ ಬೆಳಿಗ್ಗೆ ಕೇಳುತ್ತಿದ್ದದ್ದು ಇದನ್ನೇ. ಸಾಲಿನಲ್ಲಿ ನಿಂತವರೆಲ್ಲ ನಗುತ್ತಿದ್ದರು. ನೀಲಗಂಗಮ್ಮ ಮುಖ ಸಿಂಡರಿಸಿ, "ನಿಮ್ಮ ಹಾಲು ನೋಡೋ ಮಿಷನ್ನೇ ಸರಿಯಿಲ್ಲ ಬುಡಿ," ಎಂದು ಕ್ಯಾನು ಎತ್ತಿಕೊಂಡು ಹೊರಡುತ್ತಿದ್ದಳು. ಹೊಸಿಲು ದಾಟುವಾಗ ಮಾತ್ರ ಒಂದು ಸಲ ತಿರುಗಿ ನೋಡುತ್ತಿದ್ದಳು. ಆ ನೋಟಕ್ಕೇ ಕಾದು ಕೂತಿರುತ್ತಿದ್ದ ಅವನು ಮೀಸೆಯಡಿಯಲ್ಲಿ ನಗುತ್ತಿದ್ದ.

ಇಬ್ಬರೂ ಐವತ್ತರ ಹತ್ತಿರದವರು. ಅವಳ ಗಂಡ ಹೋಗಿ, ಅವನ ಹೆಂಡತಿ ಹೋಗಿ ವರ್ಷಗಳೇ ಆಗಿದ್ದವು. ಬೆಳಿಗ್ಗೆ ಎಂಟಕ್ಕೆ ಡೇರಿ ಮುಚ್ಚಿದರೆ ಮತ್ತೆ ತೆಗೆಯುವುದು ಸಂಜೆಗೆ. ನಡುವೆ ಹತ್ತೂವರೆಗೆ, ಅವಳ ಮಗ ಸಿದ್ದೇಶ್ವರ ಟ್ಯಾಕ್ಸಿ ತೆಗೆದುಕೊಂಡು ಹೋದಮೇಲೆ, ಶಾಂತರಾಜುವಿನ ಫೋನು ಬರುತ್ತಿತ್ತು. ಕೊಟ್ಟಿಗೆ ಹಿಂದೆ ನಿಂತು ಅವಳು ಹುಡುಗಿಯ ಹಾಗೆ ಪಿಸುಗುಡುತ್ತಿದ್ದಳು. ಊರಿಗೆ ಗೊತ್ತಾದರೆ? ಅಯ್ಯೋ, ಮಗ ತಲೆಯೆತ್ತಿ ತಿರುಗುವ ಹಾಗಿತ್ತೇ?

ಅವತ್ತೂ ಮಾತಾಡಿದ್ದರು. "ಗಂಗಾ, ಧೈರ್ಯ ಮಾಡಿ ಮಗನಿಗೆ ಯೋಳ್ಬುಡು," ಅಂದಿದ್ದ ಅವನು. "ಹಬ್ಬ ಕಳೀಲಿ ಇರಿ," ಅಂದಿದ್ದಳು.

ಮಧ್ಯಾಹ್ನ ಒಂದರ ಹೊತ್ತಿಗೆ ಅವನು ಡೇರಿಯೊಳಗೆ ಬಿದ್ದಿದ್ದನ್ನು ಯಾರೋ ಕಂಡರು. ಬಲಗೈ ಸ್ವಾಧೀನ ತಪ್ಪಿತ್ತು, ಬಾಯಿ ಸೊಟ್ಟಗಾಗಿತ್ತು. ಊಟಕ್ಕೆ ಬಂದಿದ್ದ ಸಿದ್ದೇಶ್ವರನ ಟ್ಯಾಕ್ಸಿಯಲ್ಲೇ ಹಾಸನಕ್ಕೆ ಸಾಗಿಸಿದರು. "ನಾನೂ ಬತ್ತೀನಿ," ಎಂದು ನೀಲಗಂಗಮ್ಮ ಹತ್ತಿ ಕೂತಳು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮುಗಿಯುವಷ್ಟರಲ್ಲಿ ಗಂಡನ ಮನೆಯಿರುವ ಬಾಗೂರಿನಿಂದ ಅವನ ಮಗಳು ಭವ್ಯಶ್ರೀಯೂ ಓಡಿಬಂದಳು. ಡಾಕ್ಟರ್ ಸ್ನೇಹಲತಾ ಗಡಿಬಿಡಿಯಲ್ಲಿದ್ದರು.

"ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕೂತಿದೆ. ಕರಗಿಸೋ ಇಂಜೆಕ್ಷನ್ ಇದೆ. ಆದ್ರೆ ನಾಲ್ಕೂವರೆ ಗಂಟೆಯೊಳಗೆ ಕೊಡ್ಬೇಕು. ಮೀರಿದ್ರೆ ತಲೆಯೊಳಗೆ ರಕ್ತಸ್ರಾವ ಆಗಿ ಜೀವಕ್ಕೇ ಅಪಾಯ. ಕೊನೇ ಸಲ ಚೆನ್ನಾಗಿದ್ದದ್ದನ್ನ ನೋಡಿದ್ದು ಯಾವಾಗ?"

"ಎಂಟಕ್ಕೆ ಮೇಡಂ, ಡೇರಿ ಮುಚ್ಚುವಾಗ," ಅಂದ ಸಿದ್ದೇಶ್ವರ. "ಆಮ್ಯಾಕೆ ಯಾರೂ ನೋಡಿಲ್ಲ."

ಡಾಕ್ಟರು ಗಡಿಯಾರ ನೋಡಿದರು. ಆಗಲೇ ಎರಡೂಕಾಲು. "ಹಾಗಾದ್ರೆ ಕೊಡೋಕಾಗಲ್ಲ."

ನೀಲಗಂಗಮ್ಮ ಮುಂದೆ ಬಂದಳು. ಮಗನ ಮುಖ ನೋಡಿದಳು. ಹಾಳಾಗಿ ಹೋಗಲಿ ಮಾನ, ಮನುಷ್ಯ ಉಳಿಯಲಿ ಅನ್ನಿಸಿತು.

"ಹತ್ತೂವರೆಗೆ ನನ್ ಜೊತೆ ಮಾತಾಡವ್ರೆ ಮೇಡಂ. ನಾಲಿಗೆ ತೊದಲ್ಲಿಲ್ಲ, ಏನಿಲ್ಲ. ನಗ್ತಿದ್ರು." ಫೋನಿನಲ್ಲಿ ಆ ಕರೆಯ ಹೊತ್ತು ತೋರಿಸಿದಳು.

"ಅವ್ರು ನಿಂಗ್ಯಾಕವ್ವಾ ಫೋನ್ ಮಾಡಿದ್ರು?" ಸಿದ್ದೇಶ್ವರನ ದನಿ ಕುಸಿದಿತ್ತು.

"ದಿನಾ ಮಾಡ್ತಾರೆ ಕಣಪ್ಪ," ಅಂದಳು.

ಡಾಕ್ಟರು ಭವ್ಯಶ್ರೀಯ ಒಪ್ಪಿಗೆ ಪಡೆದು ಒಳಗೆ ಓಡಿದರು. ಇಂಜೆಕ್ಷನ್ ಬಿತ್ತು. ಜೀವ ಉಳಿಯಿತು, ಕೈಯೂ ನಿಧಾನಕ್ಕೆ ಬಂತು. ಮಾತು ಮಾತ್ರ ಬರಲಿಲ್ಲ.

ಬಾಗೂರಿಗೆ ಕರೆದುಕೊಂಡು ಹೋಗುವ ದಿನ ಅವನು ನೀಲಗಂಗಮ್ಮನ ಸೆರಗು ಹಿಡಿದುಕೊಂಡ, ಬಿಡಲಿಲ್ಲ. ಭವ್ಯಶ್ರೀಯೇ ಮೆಲ್ಲಗೆ ಬಿಡಿಸಿದಳು. "ಅಪ್ಪನ್ನ ಉಳಿಸಿಕೊಟ್ರಿ ಅಮ್ಮಾ. ಆದ್ರೆ ನಮ್ಮ ಅತ್ತೆ ಮನೇಲಿ... ಏನಂತ ಹೇಳ್ಲಿ? ಫೋನ್ ಮಾಡಿ. ನಾನೇ ಕಿವಿಗೆ ಹಿಡೀತೀನಿ."

ಈಗ ಡೇರಿಗೆ ಹಾಲು ಹಾಕುವವನು ಸಿದ್ದೇಶ್ವರ. ಅವ್ವನ ಜೊತೆ ಮಾತು ಬಿಟ್ಟಿದ್ದಾನೆ. ಹತ್ತೂವರೆಗೆ ಫೋನು ಮಾಡುವವಳು ಅವಳು. ಕೊಟ್ಟಿಗೆ ಹಿಂದೆ ಹೋಗುವುದಿಲ್ಲ, ಜಗಲಿಯ ಮೇಲೇ ಕೂತು, ಅವನ ಪಾಲಿನ ಮಾತನ್ನೂ ತಾನೇ ಆಡುತ್ತಾಳೆ.

"ಹಾಲಿಗೆ ನೀರು ಬಿತ್ತಾ ಅಂತ ಕೇಳ್ಬಾರ್ದಾ? ಬೀಳ್ತಿತ್ತು ಕಣ್ರೀ. ಮಿಷನ್ ಸರಿಯಾಗೇ ಇತ್ತು. ನೀವು ನನ್ನ ಮಾತಾಡಿಸ್ಲಿ ಅಂತ ನಾನೇ ದಿನಾ ಒಂದು ಲೋಟ ಬೆರೆಸ್ತಿದ್ದೆ."

ಆ ಕಡೆ ಅವನು ನಕ್ಕ, ಮೊದಲಿನ ಹಾಗೇ. ಆ ನಗು ಅಳುವಿಗೆ ತಿರುಗಿದ್ದು ಕೇಳಿಸಿದರೂ ಕೇಳಿಸದವಳಂತೆ, "ನಾಳೆ ಮಾಡ್ತೀನಿ," ಎಂದು ಅವಳು ಫೋನಿಟ್ಟಳು.